ರಾಯಬಾಗ ಮೊದಲೋ, ರಾಮದುರ್ಗ ಮೊದಲೋ?

ಬೆಳಗಾವಿ ಜಿಲ್ಲೆಯ ತಾಲೂಕುಗಳ ಯಾದಿಯನ್ನು ಇಂಗ್ಲಿಷಿನಲ್ಲಿ ಅಕ್ಷರ ಕ್ರಮಕ್ಕೆ ಹಚ್ಚಿದರೆ ರಾಯಬಾಗ ಮೊದಲು, ರಾಮದುರ್ಗ ಅದರ ಹಿಂದೆ. ಅದೇ ಯಾದಿಯನ್ನು ಕನ್ನಡದಲ್ಲಿ ಹಚ್ಚಿದರೆ ರಾಮದುರ್ಗ ಮೊದಲು, ರಾಯಬಾಗ ಅದರ ಹಿಂದೆ. ಬೈಲಹೊಂಗಲ, ಬೆಳಗಾವಿಗಳದೂ ಹೀಗೇ: ಇಂಗ್ಲಿಷಿನಲ್ಲಿ ಬೈಲಹೊಂಗಲ ಮುಂದು, ಕನ್ನಡದಲ್ಲಿ ಬೆಳಗಾವಿ ಮುಂದು. ಇದಕ್ಕೆ ಇನ್ನೂ ಒಂದು ಗಂಟು ಇದೆ. 2011ರ ಜನಗಣತಿಯ ಇಂಗ್ಲಿಷ್ ಕೋಷ್ಟಕಗಳಲ್ಲಿ ರಾಯಬಾಗದ ಮೂರನೆಯ ಅಕ್ಷರ ‘ಐ’ ಅಲ್ಲ, ‘ವೈ’. ಹಾಗೆ ಬರೆದರೆ ಇಂಗ್ಲಿಷಿನಲ್ಲೂ ರಾಮದುರ್ಗವೇ ಮುಂದೆ ಬರುತ್ತದೆ.

ಕಂಪ್ಯೂಟರಿಗೆ ಊರು ಗೊತ್ತಿಲ್ಲ, ಅಕ್ಷರವೂ ಗೊತ್ತಿಲ್ಲ. ಅದರ ಹತ್ತಿರ ಇರುವುದು ಸಂಖ್ಯೆಗಳು ಮಾತ್ರ. ಯಾವ ಸಂಖ್ಯೆ ಯಾವುದಕ್ಕಿಂತ ಮುಂದೆ, ಯಾವ ಎರಡನ್ನು ಒಂದೇ ಎಂದು ಹಿಡಿಯಬೇಕು ಎಂಬುದನ್ನು ಯಾರಾದರೂ ಬರೆದಿಟ್ಟಿರಬೇಕು. ಡೇಟಾಬೇಸಿನ ಕೆಲಸದವರು ಆ ನಿಯಮಾವಳಿಯನ್ನು ‘ಕೊಲೇಶನ್’ ಎನ್ನುತ್ತಾರೆ. ತಂತ್ರಾಂಶ ಹಾಕಿಸಿಕೊಳ್ಳುವ ದಿನ ಅದರ ಬಗ್ಗೆ ಯಾರೂ ಕೇಳುವುದಿಲ್ಲ. ಹಾಕಿದವರು ಪೆಟ್ಟಿಗೆಯಲ್ಲಿ ಬಂದ ನಿಯಮವನ್ನೇ ಬಿಟ್ಟು ಹೋಗಿರುತ್ತಾರೆ. ಚಿಕ್ಕೋಡಿ, ನಿಪ್ಪಾಣಿ, ಅಥಣಿ, ಕಾಗವಾಡ, ರಾಯಬಾಗಗಳಂಥ ಗಡಿ ತಾಲೂಕುಗಳಲ್ಲಿ ಒಂದೇ ಊರಿನ ಹೆಸರು ಕನ್ನಡ, ಮರಾಠಿ, ಇಂಗ್ಲಿಷ್ ಮೂರರಲ್ಲೂ ಓಡಾಡುವುದರಿಂದ ಈ ನಿಯಮದ ಬಿಸಿ ಬೇಗ ತಟ್ಟುತ್ತದೆ.

ಮೊದಲು ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರಗಳ ಲೆಕ್ಕ. 1963ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಆಸ್ಕಿ ಸಂಕೇತ ಪಟ್ಟಿಯಲ್ಲಿ ಸಣ್ಣಕ್ಷರಗಳಿಗೆ ಜಾಗವೇ ಇರಲಿಲ್ಲ. 1967ರ ಪರಿಷ್ಕರಣೆಯ ಹೊತ್ತಿಗೆ ಅವು ಬಂದು ಕೂತದ್ದು ದೊಡ್ಡಕ್ಷರಗಳ ಹಿಂದಿನ ಸಾಲಿನಲ್ಲಿ. ದೊಡ್ಡ ‘ಎ’ 65, ದೊಡ್ಡ ‘ಝಡ್’ 90. ಸಣ್ಣ ‘ಎ’ 97, ಸಣ್ಣ ‘ಝಡ್’ 122. ಪ್ರತಿ ಜೋಡಿಯ ನಡುವೆ ಸರಿಯಾಗಿ 32ರ ಅಂತರ. ಬರೀ ಸಂಖ್ಯೆ ನೋಡಿ ಜೋಡಿಸುವ ‘ಬೈನರಿ’ ಕೊಲೇಶನ್‌ನಲ್ಲಿ ದೊಡ್ಡಕ್ಷರದ ಯಾವ ಊರಾದರೂ ಸಣ್ಣಕ್ಷರದ ಎಲ್ಲ ಊರುಗಳಿಗಿಂತ ಮುಂದೆ. ಯಾರೋ ಅವಸರದಲ್ಲಿ ಅಥಣಿಯನ್ನು ಸಣ್ಣ ‘ಎ’ಯಿಂದ ಟೈಪ್ ಮಾಡಿದ್ದರೆ, ಯಾದಿಯ ತಲೆಯಲ್ಲಿರಬೇಕಾದ ಅಥಣಿ ಯರಗಟ್ಟಿಯನ್ನೂ ದಾಟಿ ಕಟ್ಟಕಡೆಗೆ ಹೋಗುತ್ತದೆ. 1964ರಲ್ಲಿ ಐಬಿಎಂ ತನ್ನ ಸಿಸ್ಟಮ್/360 ಯಂತ್ರಗಳಿಗೆ ತಂದ ಎಬ್ಸಿಡಿಕ್ ಸಂಕೇತದಲ್ಲಿ ಇದೆಲ್ಲ ತಿರುವುಮುರುವು: ಸಣ್ಣಕ್ಷರ ಮೊದಲು, ದೊಡ್ಡಕ್ಷರ ಆಮೇಲೆ, ಅಂಕಿಗಳು ಕೊನೆಗೆ.

ಯಾದಿ ಹಿಂದೆಮುಂದೆ ಆದರೆ ಕಣ್ಣಿಗೆ ಕಾಣುತ್ತದೆ. ಕಾಣದ ಪೆಟ್ಟು ಬೀಳುವುದು ಎಣಿಕೆಗೆ. ಒಂದು ಪತ್ತಿನ ಸೊಸೈಟಿಯ ಸದಸ್ಯರನ್ನು ಊರುವಾರು ಲೆಕ್ಕ ಹಾಕಬೇಕು ಎಂದಿಟ್ಟುಕೊಳ್ಳಿ. ಕೆಲವು ಅರ್ಜಿಗಳಲ್ಲಿ ರಾಯಬಾಗವನ್ನು ಪೂರ್ತಿ ಕ್ಯಾಪಿಟಲ್‌ನಲ್ಲಿ, ಕೆಲವದರಲ್ಲಿ ಮೊದಲಕ್ಷರ ಮಾತ್ರ ಕ್ಯಾಪಿಟಲ್ ಆಗಿ, ಉಳಿದವುಗಳಲ್ಲಿ ಪೂರ್ತಿ ಸ್ಮಾಲ್ ಲೆಟರಿನಲ್ಲಿ ಬರೆಯಲಾಗಿದೆ. ಭೇದ ನೋಡುವ ಕೊಲೇಶನ್ ಇದ್ದರೆ ವರದಿಯಲ್ಲಿ ಮೂರು ರಾಯಬಾಗ, ಮೂರು ಬೇರೆ ಮೊತ್ತ. ಭೇದ ನೋಡದ ಕೊಲೇಶನ್ ಇದ್ದರೆ ಒಂದೇ ರಾಯಬಾಗ. ಹುಡುಕಾಟಕ್ಕೂ, ಒಬ್ಬರ ಹೆಸರು ಎರಡು ಸಲ ನೋಂದಣಿಯಾಗದಂತೆ ತಡೆಯುವ ನಿಯಮಕ್ಕೂ, ಎರಡು ಪಟ್ಟಿಗಳನ್ನು ಹೋಲಿಸಿ ಜೋಡಿಸುವುದಕ್ಕೂ ಇದೇ ಕೊಲೇಶನ್ ಆಧಾರ.

ಯಾವ ಡೇಟಾಬೇಸ್ ಏನು ಮಾಡುತ್ತದೆ ಎಂಬುದರಲ್ಲೂ ಏಕರೂಪವಿಲ್ಲ. ಪೋಸ್ಟ್‌ಗ್ರೆಸ್ ಮತ್ತು ಒರಾಕಲ್, ಹೇಳದೆ ಬಿಟ್ಟರೆ, ದೊಡ್ಡಕ್ಷರ ಸಣ್ಣಕ್ಷರಗಳನ್ನು ಬೇರೆ ಎಂದೇ ಹಿಡಿಯುತ್ತವೆ. ಮೈಎಸ್‌ಕ್ಯೂಎಲ್ ಒಂದೇ ಎನ್ನುತ್ತದೆ. ಅಮೆರಿಕನ್ ಇಂಗ್ಲಿಷಿನ ವಿಂಡೋಸ್ ಮೇಲೆ ಹಾಕಿದ ಎಸ್‌ಕ್ಯೂಎಲ್ ಸರ್ವರ್ ಕೂಡ ಒಂದೇ ಎನ್ನುತ್ತದೆ. ಮೊಬೈಲ್ ಆ್ಯಪ್‌ಗಳ ಒಳಗಿರುವ ಎಸ್‌ಕ್ಯೂಲೈಟ್ ಮೊದಲಿಗೆ ಬೈನರಿ; ಭೇದ ಬೇಡ ಎಂದು ಹೇಳಿದರೂ ಅದು ಇಂಗ್ಲಿಷಿನ 26 ಅಕ್ಷರಗಳಿಗಷ್ಟೇ ಆ ಮಾತು ಕೇಳುತ್ತದೆ. ಹೀಗಾಗಿ ಒಂದರಲ್ಲಿ ಸರಿಯಾಗಿ ನಡೆದ ವರದಿ ಇನ್ನೊಂದಕ್ಕೆ ಸ್ಥಳಾಂತರವಾದ ಮರುದಿನ ಲೆಕ್ಕ ತಪ್ಪುತ್ತದೆ.

ಮೈಎಸ್‌ಕ್ಯೂಎಲ್‌ನ ಹಳೆಯ ಕಥೆ ಇನ್ನೂ ಸ್ವಾರಸ್ಯದ್ದು. ಅದನ್ನು ಕಟ್ಟಿದ ಕಂಪನಿ ಸ್ವೀಡನ್ನಿನದು. 2018ರಲ್ಲಿ 8.0 ಆವೃತ್ತಿ ಬರುವ ತನಕ ಅದರ ಮೂಲ ಕೊಲೇಶನ್ ಸ್ವೀಡಿಶ್ ಭಾಷೆಯದು, ಅಕ್ಷರ ಸಂಚಯ ‘ಲ್ಯಾಟಿನ್ 1’. ಆ ಸಂಚಯದಲ್ಲಿ ಕನ್ನಡದ ಒಂದು ಅಕ್ಷರಕ್ಕೂ ಜಾಗವಿಲ್ಲ. ಸೆಟ್ಟಿಂಗ್ ಬದಲಿಸದೆ ಕನ್ನಡ ತುಂಬಿದವರಿಗೆ ಅಕ್ಷರದ ಬದಲು ಪ್ರಶ್ನಾರ್ಥಕ ಚಿಹ್ನೆಗಳು ಸಿಕ್ಕವು. ಐದು ಸಂಕೇತಗಳ ಹೆಸರುಗಳೆಲ್ಲ ಐದು ಪ್ರಶ್ನಾರ್ಥಕ, ಏಳರವೆಲ್ಲ ಏಳು. ಆಗ ಕ್ರಮ ಉಳಿಯುವುದು ಉದ್ದದ್ದು ಮಾತ್ರ.

ಹಾಗೆಂದು ಕೊಲೇಶನ್‌ಗಳು ಎಲ್ಲ ಭಾಷೆಗೂ ಒಂದೇ ಆಗಿರಲು ಸಾಧ್ಯವಿಲ್ಲ. ಸ್ಪ್ಯಾನಿಷಿನಲ್ಲಿ ‘ಸಿಎಚ್’ ಮತ್ತು ಜೋಡಿ ‘ಎಲ್’ 1994ರವರೆಗೆ ಸ್ವತಂತ್ರ ಅಕ್ಷರಗಳಾಗಿ ನಿಘಂಟಿನಲ್ಲಿ ಬೇರೆ ವಿಭಾಗ ಪಡೆದಿದ್ದವು. ಆ ವರ್ಷ ಸ್ಪ್ಯಾನಿಷ್ ಅಕಾಡೆಮಿಗಳ ಒಕ್ಕೂಟ ಅವನ್ನು ಮಾಮೂಲಿ ಸಾಲಿಗೆ ಸೇರಿಸಿತು. ಲಿಥುವೇನಿಯದವರು ‘ವೈ’ಯನ್ನು ‘ಐ’ ಜೊತೆಗೇ ಎಣಿಸುತ್ತಾರೆ. ಮೈಎಸ್‌ಕ್ಯೂಎಲ್‌ನಲ್ಲಿ ಲಿಥುವೇನಿಯನ್ ಕೊಲೇಶನ್ ಕೂಡ ಇದೆ. ಅದನ್ನು ಹಚ್ಚಿದರೆ ರಾಯಬಾಗದ ಎರಡೂ ಇಂಗ್ಲಿಷ್ ಕಾಗುಣಿತಗಳು ಒಂದೇ ಹೆಸರಾಗಿಬಿಡುತ್ತವೆ! ಜಗತ್ತಿನಲ್ಲಿ ರಾಯಬಾಗದ ಜಗಳವನ್ನು ತೀರಿಸಬಲ್ಲ ಕೊಲೇಶನ್ ಬಾಲ್ಟಿಕ್ ಕಡಲ ತೀರದ್ದು. ಆದರೆ ಅದರಿಂದ ಉಳಿದ ಹೆಸರುಗಳು ಕೆಡುತ್ತವೆ ಎನ್ನುವುದರಿಂದ ಅದನ್ನು ಯಾರೂ ಹಚ್ಚಬಾರದು.

ಇಷ್ಟು ಓದಿದವರು ಕೇಳಬಹುದು: ಕನ್ನಡದಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎಂಬುದೇ ಇಲ್ಲವಲ್ಲ, ನಮಗೇನು ತೊಂದರೆ? ಆ ಒಂದು ತಾಪತ್ರಯ ನಮಗಿಲ್ಲ, ನಿಜ. ಬೇರೆಯವು ಇವೆ.

ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಸಿಕ್ಕಿರುವುದು 3200ರಿಂದ 3327ರವರೆಗಿನ ಸಂಖ್ಯೆಗಳು. ‘ಅ’ 3205, ‘ಕ’ 3221. ವ್ಯಂಜನಗಳು ಮುಗಿದ ಮೇಲೆ ಸ್ವರಚಿಹ್ನೆಗಳು, ಅವುಗಳ ಹಿಂದೆ 3277ರಲ್ಲಿ ಒತ್ತಕ್ಷರ ಹುಟ್ಟಿಸುವ ಹಲಂತ. ಅನುಸ್ವಾರ ಸ್ವರ, ವ್ಯಂಜನಗಳೆಲ್ಲಕ್ಕಿಂತ ಮೊದಲು, 3202ರಲ್ಲಿ. ಈ ಜೋಡಣೆ ಬಹುಪಾಲು ನಿಘಂಟಿನ ಕ್ರಮಕ್ಕೆ ಹೊಂದುತ್ತದೆ: ಕ, ಕಂ, ಕಕ, ಕಾ, ಕಿ, ಕೌ, ಕ್ರ. ಚಿಕ್ಕೋಡಿ ತಾಲೂಕಿನ ಅಂಕಲಿ, ನಿಪ್ಪಾಣಿ ಕಡೆಯ ಅಕ್ಕೋಳ, ಆಮೇಲೆ ಅಥಣಿ ಹೀಗೆ ಬೈನರಿಯಲ್ಲೂ ಸರಿಯಾಗಿಯೇ ಬರುತ್ತವೆ. ಶಾಲೆಯ ಗೋಡೆಯ ಮೇಲಿನ ವರ್ಣಮಾಲೆ ನೋಡಿ ಕೈಯಿಂದ ಯಾದಿ ಮಾಡುವವರು ‘ಔ’ ಆದ ಮೇಲೆ ‘ಅಂ’ ಎಂದು ಅಂಕಲಿಯನ್ನು ಉಗಾರ, ಐನಾಪುರಗಳ ಹಿಂದೆ ಕೂರಿಸುವುದೂ ಉಂಟು. ನಿಘಂಟುಗಳು ಹಾಗೆ ಮಾಡುವುದಿಲ್ಲ. ‘ಅಂ’ ಪದಗಳು ‘ಅ’ ವಿಭಾಗದ ಆರಂಭದಲ್ಲೇ ಇರುತ್ತವೆ.

ಎಡವುವುದು ‘ಳ’ಕಾರದಲ್ಲಿ.

ಯ, ರ, ಲ, ವ, ಶ, ಷ, ಸ, ಹ, ಳ ಎಂದು ಕನ್ನಡದ ಮಕ್ಕಳು ಬಾಯಿಪಾಠ ಮಾಡುತ್ತಾರೆ. ‘ಳ’ ಕೊನೆಯದು. ಯೂನಿಕೋಡ್ ಸಂಖ್ಯೆಯಲ್ಲಿ ಹಾಗಿಲ್ಲ: ‘ಲ’ 3250, ‘ಳ’ 3251, ‘ವ’ 3253, ‘ಹ’ 3257. ‘ಳ’ವನ್ನು ‘ಲ’ದ ಪಕ್ಕಕ್ಕೆ ತಂದು ಕೂರಿಸಿದ್ದು ಇಸ್ಕಿ. ಭಾರತದ ಲಿಪಿಗಳಿಗೆಲ್ಲ ಒಂದೇ ಕೋಷ್ಟಕ ಇರಲಿ, ಒಂದು ಲಿಪಿಯಿಂದ ಇನ್ನೊಂದಕ್ಕೆ ಸುಲಭವಾಗಿ ಬದಲಿಸುವಂತಿರಲಿ ಎಂದು 1980ರ ದಶಕದಲ್ಲಿ ಸಿದ್ಧವಾದ ಸಂಕೇತವದು. 1991ರಲ್ಲಿ ಐಎಸ್ 13194 ಎಂಬ ಭಾರತೀಯ ಮಾನಕವಾಯಿತು. ಅದರ 1988ರ ರೂಪವನ್ನು ಯೂನಿಕೋಡ್ ಎತ್ತಿಕೊಂಡಿತು. ಎಲ್ಲ ಲಿಪಿಗಳೂ ಒಂದೇ ಚೌಕಟ್ಟಿನೊಳಗೆ ಹೊಂದಬೇಕಾದ್ದರಿಂದ ಕನ್ನಡದ ‘ಳ’ಕ್ಕೆ ದೇವನಾಗರಿಯ ‘ಳ’ ಕೂತ ಸ್ಥಾನವೇ ಸಿಕ್ಕಿತು. ತಮಾಷೆಯೆಂದರೆ ದೇವನಾಗರಿಯಲ್ಲೇ ಬರೆಯುವ ಮರಾಠಿಗೂ ಇದು ಒಗ್ಗುವುದಿಲ್ಲ. ಮರಾಠಿ ವರ್ಣಮಾಲೆಯಲ್ಲೂ ‘ಹ’ ಆದ ಮೇಲೆ ‘ಳ’, ಆಮೇಲೆ ‘ಕ್ಷ’, ‘ಜ್ಞ’. ಗಡಿಯ ಆಚೆಯವರಿಗೂ ಈಚೆಯವರಿಗೂ ಈ ವಿಷಯದಲ್ಲಿ ಒಂದೇ ತಕರಾರು.

ಇದರ ಫಲ ಊರಿನ ಯಾದಿಯಲ್ಲಿ ನೇರವಾಗಿ ಕಾಣುತ್ತದೆ. ಅಥಣಿ ತಾಲೂಕಿನಲ್ಲಿ ಕೋಹಳ್ಳಿ ಇದೆ, ರಾಯಬಾಗ ತಾಲೂಕಿನಲ್ಲಿ ಕೋಳಿಗುಡ್ಡ. ಕನ್ನಡದ ಕ್ರಮದಲ್ಲಿ ಕೋಹಳ್ಳಿ ಮೊದಲು. ಬೈನರಿ ಜೋಡಣೆ 3251ನ್ನು 3257ಕ್ಕಿಂತ ಚಿಕ್ಕದೆಂದು ನೋಡಿ ಕೋಳಿಗುಡ್ಡವನ್ನು ಮುಂದೆ ತರುತ್ತದೆ. ಜನರ ಹೆಸರಿಗೆ ಬಂದರೆ ಈ ಭಾಗದಲ್ಲಿ ಬಾಹುಬಲಿಗಳಿಗೂ ಬಾಳಗೌಡ, ಬಾಳಪ್ಪ, ಬಾಳಾಸಾಹೇಬರಿಗೂ ಕೊರತೆಯಿಲ್ಲ. ಬಾಹುಬಲಿಯನ್ನು ‘ಬಾಳ’ ಹೆಸರುಗಳ ಮುಂದೆ ಹುಡುಕುವ ಗುಮಾಸ್ತರಿಗೆ ಆತ ಸಿಗುವುದು ಬಾಳಾಸಾಹೇಬರೆಲ್ಲ ಮುಗಿದ ಮೇಲೆ. ಹಳಗನ್ನಡದ ‘ೞ’ಕಾರದ ಪಾಡು ಇನ್ನೂ ಕಷ್ಟ. ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ‘ರಳ’ ಎಂದು ಚರ್ಚಿಸಿದ ಈ ಅಕ್ಷರಕ್ಕೆ ಯೂನಿಕೋಡ್ ಕೊಟ್ಟ ಅಧಿಕೃತ ಹೆಸರು ‘ಕನ್ನಡ ಲೆಟರ್ ಫಾ’. ತಪ್ಪು ಎಂದು ಒಪ್ಪಿಕೊಂಡರೂ, ಒಮ್ಮೆ ಇಟ್ಟ ಹೆಸರು ಬದಲಿಸಬಾರದು ಎಂಬ ನಿಯಮವಿರುವ ಕಾರಣ ಪಕ್ಕದಲ್ಲಿ ಸರಿಯಾದ ಪರ್ಯಾಯ ಹೆಸರನ್ನಷ್ಟೇ ಸೇರಿಸಿದ್ದಾರೆ. ಅದರ ಸಂಖ್ಯೆ 3294, ಸ್ವರಚಿಹ್ನೆ, ಹಲಂತಗಳನ್ನೆಲ್ಲ ದಾಟಿದ ಮೇಲೆ. ಶಾಸನ ಪಾಠಗಳ ಪದಸೂಚಿ ಮಾಡುವವರು ಬೈನರಿಯನ್ನು ನಂಬಿದರೆ ಕೆಟ್ಟಂತೆಯೇ.

ಇದಕ್ಕೆ ಮದ್ದು ಸಂಖ್ಯೆ ಬದಲಿಸುವುದಲ್ಲ, ತೂಕ ಬೇರೆ ಕೊಡುವುದು. ಯೂನಿಕೋಡ್ ಕೊಲೇಶನ್ ಅಲ್ಗಾರಿದಮ್ ಮಾಡುವುದು ಅದನ್ನೇ. ಪ್ರತಿ ಅಕ್ಷರಕ್ಕೆ ಹಲವು ಹಂತದ ತೂಕಗಳಿರುತ್ತವೆ. ಮೊದಲ ಹಂತದಲ್ಲಿ ಮೂಲಾಕ್ಷರ, ಎರಡನೆಯದರಲ್ಲಿ ಫ್ರೆಂಚಿನಂಥ ಭಾಷೆಗಳ ಮೇಲ್ಗುರುತು, ಮೂರನೆಯದರಲ್ಲಿ ದೊಡ್ಡದು ಸಣ್ಣದು. ಕಬಡ್ಡಿ ಪಂದ್ಯಾವಳಿಯಲ್ಲಿ ಎರಡು ತಂಡಗಳ ಪಾಯಿಂಟ್ ಸಮವಾದಾಗ ಮಾತ್ರ ಗೆಲುವಿನ ಅಂತರ ನೋಡುವಂತೆ, ಇಲ್ಲಿಯೂ ಮೇಲಿನ ಹಂತ ಸಮವಾದಾಗ ಮಾತ್ರ ಕೆಳಗಿನದನ್ನು ನೋಡುತ್ತಾರೆ. ಭೇದ ನೋಡದ ಕೊಲೇಶನ್ ಎಂದರೆ ಮೂರನೆಯ ಹಂತಕ್ಕೆ ಹೋಗದೆ ನಿಲ್ಲುವುದು, ಅಷ್ಟೇ. ಇದರ ಮೇಲೆ ಭಾಷೆಭಾಷೆಗೂ ಬೇಕಾದ ತಿದ್ದುಪಡಿಗಳನ್ನು ಸಿಎಲ್‌ಡಿಆರ್ ಎಂಬ ಸಾರ್ವಜನಿಕ ಸಂಗ್ರಹ ಒದಗಿಸುತ್ತದೆ. ಅದರ ಕನ್ನಡ ನಿಯಮದಲ್ಲಿ ಅನುಸ್ವಾರ, ವಿಸರ್ಗಗಳು ‘ಔ’ ಬೆನ್ನಿಗೆ, ‘ಕ’ಕ್ಕಿಂತ ಮೊದಲು ಬರುತ್ತವೆ (ಹಾಗಾಗಿ ಅಂಕಲಿ ಅಕ್ಕೋಳಕ್ಕಿಂತ ಮುಂದೆಯೇ), ಕನ್ನಡ ಲಿಪಿಯ ಹೆಸರುಗಳು ಇಂಗ್ಲಿಷಿಗಿಂತ ಮುಂದೆ ನಿಲ್ಲುತ್ತವೆ. ಪೋಸ್ಟ್‌ಗ್ರೆಸ್ 2017ರ 10ನೇ ಆವೃತ್ತಿಯಿಂದ ಐಸಿಯು ಎಂಬ ಗ್ರಂಥಾಲಯದ ಮೂಲಕ ಈ ಕನ್ನಡ ಕೊಲೇಶನ್ ಅನ್ನು ಬಳಸಿಕೊಳ್ಳಬಲ್ಲದು. ಮೈಎಸ್‌ಕ್ಯೂಎಲ್‌ನಲ್ಲಿ ಸಿಂಹಳಕ್ಕೆ ಪ್ರತ್ಯೇಕ ಕೊಲೇಶನ್ ಇದೆ, ಕನ್ನಡಕ್ಕಿಲ್ಲ. ಎಲ್ಲರಿಗೂ ಇರುವ ಯೂನಿಕೋಡ್ ನಿಯಮದಲ್ಲೇ ನಮ್ಮದೂ ನಡೆಯಬೇಕು.

ಲಿಪಿಗಳ ವಿಷಯ ಗಡಿಯಲ್ಲಿ ಸಣ್ಣದಲ್ಲ. ನಿಪ್ಪಾಣಿಯಂಥ ಊರಿನಲ್ಲಿ ಸದಸ್ಯರ ಹೆಸರನ್ನು ಕೊಟ್ಟ ಹಾಗೆಯೇ ತುಂಬಿಕೊಂಡರೆ ಒಂದೇ ಕಾಲಮ್ಮಿನಲ್ಲಿ ಮೂರು ಲಿಪಿ ಸೇರುತ್ತವೆ. ದೇವನಾಗರಿಯ ಮುಖ್ಯ ಭಾಗ 2304ರಿಂದ 2431. ಹಾಗಾಗಿ ಬೈನರಿ ಯಾದಿಯಲ್ಲಿ ಇಂಗ್ಲಿಷಿನವರೆಲ್ಲ ಮೊದಲು, ಆಮೇಲೆ ಮರಾಠಿಯಲ್ಲಿ ಬರೆದವರು, ಕನ್ನಡದವರು ಕೊನೆಗೆ. ಒಬ್ಬ ಪಾಟೀಲರು ಮೂರು ಗುಂಪಿನಲ್ಲೂ ಇರಬಹುದು. ಮೂರನ್ನೂ ಒಂದೇ ಎಂದು ಹೇಳುವ ಕೊಲೇಶನ್ ಯಾವುದೂ ಇಲ್ಲ. ಲಿಪಿಯಿಂದ ಲಿಪಿಗೆ ಬದಲಿಸುವುದು ಬೇರೆಯದೇ ಕೆಲಸ. ಅದೇ ರೀತಿ, ಎಕ್ಸಂಬಾ ಊರನ್ನು ಒಬ್ಬರು ‘ಎ’ಯಿಂದ, ಇನ್ನೊಬ್ಬರು ‘ಯ’ದಿಂದ ಬರೆದಿದ್ದರೆ ಅದನ್ನೂ ಕೊಲೇಶನ್ ಸರಿಪಡಿಸುವುದಿಲ್ಲ. ಅಡ್ಡಹೆಸರು ಮೊದಲೋ ಸ್ವಂತ ಹೆಸರು ಮೊದಲೋ ಎಂಬುದೂ ಮೊದಲೇ ತೀರ್ಮಾನವಾಗಬೇಕು. ಇನಿಷಿಯಲ್ ಪದ್ಧತಿಯ ಊರುಗಳಿಗೆಂದು ಮಾಡಿದ ತಂತ್ರಾಂಶದಲ್ಲಿ ಹೆಸರಿಗೆ ಒಂದೇ ಖಾನೆ ಇದ್ದರೆ, ಕಾಂಬಳೆ, ಮಗದುಮ್, ಕುಲಕರ್ಣಿಗಳ ಊರಿನಲ್ಲಿ ಮನೆತನವಾರು ಯಾದಿ ಬೇಕೆಂದಾಗ ಕೈ ಕಟ್ಟಿ ಕೂರಬೇಕಾಗುತ್ತದೆ.

ಕಣ್ಣಿಗೆ ಕಾಣದ ಅಕ್ಷರಗಳದು ಇನ್ನೊಂದು ಕಾಟ. ‘ರಾಜ್‌ಕುಮಾರ’ ಎಂದು ಬರೆಯುವಾಗ ‘ಜ’ದ ಕೆಳಗೆ ‘ಕ’ ಒತ್ತಾಗದಂತೆ ನಡುವೆ ಅಗಲವಿಲ್ಲದ ಒಂದು ಸಂಕೇತ ಹಾಕುತ್ತಾರೆ. ಅದರ ಸಂಖ್ಯೆ 8204. ಬೈನರಿಯಲ್ಲಿ ಅದು ಕನ್ನಡದ ಯಾವ ಅಕ್ಷರಕ್ಕಿಂತಲೂ ದೊಡ್ಡದು, ಆದ್ದರಿಂದ ಈ ರಾಜ್‌ಕುಮಾರ ‘ರಾಜ್ಯ’ದಿಂದ ಶುರುವಾಗುವ ಹೆಸರುಗಳನ್ನೂ ದಾಟಿ ಹೋಗುತ್ತಾನೆ, ಸಂಕೇತವಿಲ್ಲದೆ ಟೈಪಾದ ಇನ್ನೊಬ್ಬ ರಾಜ್ಕುಮಾರ ಹಿಂದೆಯೇ ಉಳಿಯುತ್ತಾನೆ. ಬೇಡಕಿಹಾಳದ ‘ಬೇ’ಯನ್ನೇ ನೋಡಿ. ಏತ್ವ ದೀರ್ಘವನ್ನು 3271 ಎಂಬ ಒಂದೇ ಸಂಕೇತದಿಂದ ಬರೆಯಬಹುದು, ಅಥವಾ 3270 ಮತ್ತು 3285 ಎಂಬ ಎರಡು ತುಂಡುಗಳಿಂದ ಕೂಡಿಸಬಹುದು. ಪರದೆಯ ಮೇಲೆ ಎರಡೂ ಒಂದೇ ಬೇಡಕಿಹಾಳ. ಬೈನರಿಗೆ ಎರಡು ಊರು. ಯೂನಿಕೋಡ್ ನಿಯಮ 8204ರ ಸಂಕೇತವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ, ‘ಬೇ’ಯ ಎರಡು ರೂಪಗಳನ್ನು ಸಮ ಎನ್ನುತ್ತದೆ.

ಅಂಕಿಗಳನ್ನು ಅಕ್ಷರವೆಂದು ತುಂಬಿದಾಗ ಆಗುವ ಪಜೀತಿ ಹೊಲದವರಿಗೆ ಗೊತ್ತು. ಸರ್ವೆ ನಂಬರ್ 12/1, 12/2, 12/10 ಎಂದು ಬರಬೇಕಾದ ಹಿಸ್ಸೆಗಳು 12/1, 12/10, 12/2 ಎಂದು ಬರುತ್ತವೆ; ಯಂತ್ರ ಎಡದಿಂದ ಒಂದೊಂದೇ ಅಕ್ಷರ ಹೋಲಿಸುತ್ತದೆ, ಹತ್ತು ಎಂಬ ಮೊತ್ತ ಅದಕ್ಕೆ ಕಾಣುವುದಿಲ್ಲ. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಗಣಕಕ್ಕೆ ತಂದ ಕರ್ನಾಟಕದ ‘ಭೂಮಿ’ಯ ಪುಟ ಸರ್ವೆ ನಂಬರು, ಸರ್ನೋಕ್, ಹಿಸ್ಸಾ ಮೂರನ್ನೂ ಬೇರೆ ಬೇರೆ ಖಾನೆಗಳಲ್ಲಿ ಕೇಳುತ್ತದೆ. ಸಂಖ್ಯೆಯನ್ನು ಅಕ್ಷರದಿಂದ ಬಿಡಿಸಿಟ್ಟರೆ ಈ ತೊಡಕು ಅರ್ಧ ಕಳೆದಂತೆ. ಸರ್ವೆ ನಂಬರನ್ನು ಕನ್ನಡ ಅಂಕಿಯಲ್ಲಿ ‘೧೨’ ಎಂದು ತುಂಬಿದ ಕಡತ ಇದ್ದರೆ ಬೈನರಿಯಲ್ಲಿ ಅದು ‘ಹ’ಕಾರದ ಊರುಗಳಿಗಿಂತಲೂ ಹಿಂದೆ ಹೋಗುತ್ತದೆ, ಯೂನಿಕೋಡ್ ನಿಯಮದಲ್ಲಿ ‘೧’ ಮತ್ತು ‘1’ ಮೊದಲ ಹಂತದಲ್ಲಿ ಸಮ.

ಕ್ರಮ ಎಂದರೆ ಬರೀ ಅಂದಚೆಂದವಲ್ಲ ಎಂಬುದನ್ನು 2018ರ ಆಗಸ್ಟ್ ತೋರಿಸಿತು. ಲಿನಕ್ಸಿನ ಗ್ಲಿಬ್‌ಸಿ ಗ್ರಂಥಾಲಯದ 2.28 ಆವೃತ್ತಿ ಆಗ ಹೊರಬಂತು, ಅದರಲ್ಲಿ ಜೋಡಣೆಯ ನಿಯಮಗಳು ದೊಡ್ಡ ಮಟ್ಟದಲ್ಲಿ ಬದಲಾಗಿದ್ದವು. ಹಳೆಯದರಲ್ಲಿ ‘11’ ಮೊದಲು, ‘1-1’ ಆಮೇಲೆ. ಹೊಸದರಲ್ಲಿ ‘1-1’ ಮೊದಲು. ಪೋಸ್ಟ್‌ಗ್ರೆಸ್ ಕ್ರಮಕ್ಕಾಗಿ ಈ ಗ್ರಂಥಾಲಯವನ್ನೇ ನೆಚ್ಚಿಕೊಂಡಿತ್ತು. ಹುಡುಕಾಟ ಬೇಗ ಆಗಲೆಂದು ಅದು ಜೋಡಿಸಿಟ್ಟುಕೊಂಡ ಸೂಚಿಗಳು, ಅಂದರೆ ಇಂಡೆಕ್ಸ್‌ಗಳು, ಹಳೆಯ ಕ್ರಮದಲ್ಲಿ ಡಿಸ್ಕಿನಲ್ಲಿ ಕೂತಿದ್ದವು. ಸರ್ವರ್ ನವೀಕರಿಸಿದ ಮೇಲೆ ಹುಡುಕಾಟ ಹೊಸ ಕ್ರಮದಲ್ಲಿ ಹೊರಡುತ್ತದೆ, ಇಂಡೆಕ್ಸ್ ಹಳೆಯ ಕ್ರಮದಲ್ಲಿದೆ. ಇರುವ ದಾಖಲೆ ‘ಇಲ್ಲ’ ಎಂದಾಗುತ್ತದೆ. ಇಲ್ಲ ಎಂದ ಮೇಲೆ ಅದೇ ದಾಖಲೆಯನ್ನು ಇನ್ನೊಮ್ಮೆ ಸೇರಿಸಲೂ ಬರುತ್ತದೆ. ನವೀಕರಣದ ನಂತರ ಇಂಡೆಕ್ಸ್‌ಗಳನ್ನೆಲ್ಲ ಮರಳಿ ಕಟ್ಟಿ ಎಂದು ಪೋಸ್ಟ್‌ಗ್ರೆಸ್ ಸಮುದಾಯ ಎಚ್ಚರಿಸಬೇಕಾಯಿತು.

ಸರಕಾರಿ ಆದೇಶವೂ ಕ್ರಮ ಬದಲಿಸುತ್ತದೆ. 2014ರ ನವೆಂಬರ್ 1ರಂದು ರಾಜ್ಯದ 12 ಊರುಗಳ ಇಂಗ್ಲಿಷ್ ಹೆಸರು ಬದಲಾದಾಗ ಜಿಲ್ಲೆಗಳ ಯಾದಿಯಲ್ಲಿ ಬೆಳಗಾವಿಗಿಂತ ಮುಂದಿದ್ದ ಬೆಂಗಳೂರು ಹಿಂದಾಯಿತು, ಹಿಂದಿದ್ದ ಬಳ್ಳಾರಿ ಮುಂದಾಯಿತು. ಕನ್ನಡದಲ್ಲಿ ಈ ಮೂರೂ ಇದ್ದಲ್ಲೇ ಇದ್ದವು.

ತಂತ್ರಾಂಶ ಕೊಳ್ಳುವ ಸೊಸೈಟಿ, ಕಾರ್ಖಾನೆ, ಪಂಚಾಯಿತಿಗಳು ಬಿಲ್ ಪಾಸು ಮಾಡುವ ಮುನ್ನ ಒಂದು ಪರೀಕ್ಷೆ ಮಾಡಬಹುದು. ಊರಿನ ಖಾನೆಗೆ ಕೋಳಿಗುಡ್ಡ, ಅಥಣಿ, ಕೋಹಳ್ಳಿ, ಅಂಕಲಿ, ರಾಯಬಾಗ, ಅಕ್ಕೋಳ, ರಾಮದುರ್ಗ ಎಂದು ಹಿಂದುಮುಂದಾಗಿ ತುಂಬಿ ಜೋಡಿಸಲು ಹೇಳಬೇಕು. ಅಂಕಲಿ, ಅಕ್ಕೋಳ, ಅಥಣಿ, ಕೋಹಳ್ಳಿ, ಕೋಳಿಗುಡ್ಡ, ರಾಮದುರ್ಗ, ರಾಯಬಾಗ ಎಂದು ಬಂದರೆ ಕನ್ನಡದ ಕ್ರಮ ಹತ್ತಿದೆ. ಕೋಳಿಗುಡ್ಡ ಕೋಹಳ್ಳಿಗಿಂತ ಮುಂದೆ ಬಂದರೆ ಒಳಗೆ ಕೂತಿರುವುದು ಬೈನರಿ. ಆಮೇಲೆ ಇಂಗ್ಲಿಷ್ ಖಾನೆಯಲ್ಲಿ ರಾಯಬಾಗವನ್ನು ದೊಡ್ಡಕ್ಷರ, ಸಣ್ಣಕ್ಷರ ಎರಡರಲ್ಲೂ ತುಂಬಿ ಊರುವಾರು ಎಣಿಕೆ ಕೇಳಬೇಕು. ಎರಡು ಸಾಲು ಬಂದರೆ ಆ ಕಾಲಮ್ಮಿನ ಕೊಲೇಶನ್ ಬದಲಿಸಿಕೊಡುವಂತೆ ಹೇಳಬಹುದು. ಹೊಸ ಡೇಟಾಬೇಸಿನಲ್ಲಿ ಅದು ಒಂದು ಸಾಲಿನ ಕೆಲಸ. ಲಕ್ಷ ದಾಖಲೆ ತುಂಬಿದ ಮೇಲಾದರೆ ಇಂಡೆಕ್ಸ್‌ಗಳನ್ನೆಲ್ಲ ಮರಳಿ ಕಟ್ಟಬೇಕು, ಅಷ್ಟರಲ್ಲಿ ಎರಡೆರಡು ಸಲ ಸೇರಿಕೊಂಡ ಹೆಸರುಗಳನ್ನು ಗುಮಾಸ್ತರು ಒಂದೊಂದಾಗಿ ಕೂತು ಬಿಡಿಸಬೇಕು.